ಕವಲಿನಲ್ಲಿ ಮೊಣಕಾಲುದ್ದ ನೀರು: ನದಿ ರೀವದ ಬಂಡೆಗೆ ಕಾಡುಬೆಕ್ಕು ಬಂದ ಪ್ರಕರಣ

ಬಂಡೆಯ ಪಡುವಣ ಅಂಚಿನಲ್ಲಿ ಒಂದು ಜೊತೆ ರೆಕ್ಕೆ ಬಿದ್ದಿತ್ತು. ಎದೆಮೂಳೆಯ ಚೂರೊಂದು ಎರಡನ್ನೂ ಇನ್ನೂ ಹಿಡಿದುಕೊಂಡಿತ್ತು. ನಡುವೆ ಇರಬೇಕಾದ ಮೈ ಇರಲಿಲ್ಲ, ತಲೆಯೂ ಇರಲಿಲ್ಲ. ಎರಡು ಗೇಣು ದೂರದಲ್ಲಿ ಕುಂಕುಮದಷ್ಟು ಕೆಂಪಾದ ಒಂದು ಪುಟ್ಟ ಕಾಲು. ಮೇಲೆ ತಿಳಿಬೂದಿ, ಕೆಳಗೆ ಬಿಳಿ, ಕತ್ತಿಯಂತೆ ಚೂಪಾದ ರೆಕ್ಕೆ, ಆ ಕೆಂಪು ಕಾಲು. ಇದು ನದಿ ರೀವ, ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುವ ಮೀನು ಹಿಡಿಯುವ ಹಕ್ಕಿ, ಎಂದು ಹೇಳಲು ಅಷ್ಟು ಸಾಕಾಗಿತ್ತು. ಹಿಂದಿನ ಭಾನುವಾರ ಅದೇ ಬಂಡೆಯ ಮೇಲೆ ಹನ್ನೊಂದು ಜೋಡಿ ಗೂಡು ಮಾಡಿದ್ದನ್ನು ದಡದಿಂದ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಕೊಂದದ್ದು ಯಾರು, ಬಂದದ್ದು ಹೇಗೆ, ಆ ವರ್ಷವೇ ಏಕೆ ಎಂದು ಹುಡುಕುತ್ತ ಹೋದ ಎರಡು ತಿಂಗಳ ಕಥೆ ಇದು.

ಜಾಗದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಶ್ರೀರಂಗಪಟ್ಟಣದಲ್ಲಿ ಎರಡಾಗಿ ಒಡೆದ ಕಾವೇರಿ ಸಂಗಮದಲ್ಲಿ ಮತ್ತೆ ಕೂಡುತ್ತದೆ. ಅಲ್ಲಿಂದ ಕೆಳಗೆ, ತಿರುಮಕೂಡಲು ನರಸೀಪುರ ಸಿಗುವುದರೊಳಗೆ, ಹೊಳೆಯ ನಡುವೆ ಇಂಥ ಕರಿಬಂಡೆಗಳು ಹಲವು ಇವೆ. ಅವುಗಳಲ್ಲಿ ಒಂದು ಎಂದಷ್ಟೇ ತಿಳಿದರೆ ಸಾಕು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯ ವಿಳಾಸ ಕೊಟ್ಟರೆ ಮುಂದಿನ ವಾರವೇ ಉದ್ದ ಲೆನ್ಸಿನ ಕ್ಯಾಮೆರಾಗಳು ಬಂದು ಕೂರುತ್ತವೆ, ಹಕ್ಕಿ ಮೊಟ್ಟೆ ಬಿಟ್ಟು ಮೇಲೇಳುತ್ತದೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ನದಿ ರೀವದ ಬಗ್ಗೆ ನಾಲ್ಕು ಮಾತು. ಕಾಗೆಯಷ್ಟೇ ಉದ್ದವೆನಿಸಿದರೂ ಮೈ ತೆಳುವು, ಬಾಲ ಕತ್ತರಿಯಂತೆ ಕವಲೊಡೆದದ್ದು. ಕೊಕ್ಕು ಮಾಗಿದ ಮಾವಿನ ಹಳದಿ. ಗೂಡು ಕಟ್ಟುವ ಕಾಲಕ್ಕೆ ಹಣೆಯಿಂದ ಕುತ್ತಿಗೆಯವರೆಗೆ ಕರಿ ಟೋಪಿ ಹಾಕಿಕೊಂಡಂತೆ ಕಾಣುತ್ತದೆ. ಹೊಳೆಯ ಮೇಲೆ ತಲೆ ತಗ್ಗಿಸಿ ಹಾರುತ್ತ, ಮೀನು ಕಂಡ ಕೂಡಲೇ ಕಲ್ಲು ಬಿದ್ದಂತೆ ನೀರಿಗೆ ಬೀಳುತ್ತದೆ. ಗೂಡು ಎಂಬುದು ಹೆಸರಿಗಷ್ಟೆ. ಮರಳಿದ್ದರೆ ಮರಳಿನಲ್ಲಿ ಒಂದು ತಗ್ಗು, ಬಂಡೆಯಾದರೆ ಬಂಡೆಯ ಸಣ್ಣ ಗುಳಿ. ಮಾರ್ಚ್‌ನಿಂದ ಮೇ ವರೆಗೆ, ಬಿಸಿಲು ಕಾದು ಹೊಳೆ ಇಳಿದು ಬಂಡೆ ಹೊರಗೆ ಬಂದಾಗ, ಎರಡೋ ಮೂರೋ ಮೊಟ್ಟೆ. ಕಂದು ಮಚ್ಚೆಯ ಆ ಮೊಟ್ಟೆ ಕಲ್ಲಿನ ಜೊತೆ ಬೆರೆತುಹೋಗಿ, ಪಕ್ಕದಲ್ಲೇ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ನಡುಹಗಲು ಬಂಡೆ ಹೆಂಚಿನಂತಾದಾಗ ತಾಯಿಯೋ ತಂದೆಯೋ ಹೊಳೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒಮ್ಮೆ ಅದನ್ನು ನೋಡಿದವರಿಗೆ ಆ ಹಕ್ಕಿಯನ್ನು ಮರೆಯಲಾಗುವುದಿಲ್ಲ. ಇಡೀ ಜಗತ್ತಿನಲ್ಲಿ ಇದರ ಸಂಖ್ಯೆ ಇಳಿಯುತ್ತಿದೆಯೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಿದೆ. ಹೊಳೆಗಳಿಗೆ ಕಟ್ಟೆ ಕಟ್ಟಿದ್ದು, ಮರಳು ತೆಗೆದದ್ದು, ನಾಯಿ ಹೆಚ್ಚಿದ್ದು, ಎಲ್ಲವೂ ಸೇರಿ ಹೀಗಾಗಿದೆ.

ನೆಲದ ಮೇಲೆ ಮೊಟ್ಟೆಯಿಡುವ ಈ ಹಕ್ಕಿಗೆ ಇರುವ ಕೋಟೆ ಒಂದೇ, ಸುತ್ತಲ ನೀರು. ನಮ್ಮ ಬಂಡೆಗೂ ದಡಕ್ಕೂ ನಡುವೆ ಹೊಳೆಯ ಒಂದು ಕವಲು ಇದೆ. ಒಳ್ಳೆಯ ವರ್ಷದಲ್ಲಿ ಏಪ್ರಿಲ್‌ನಲ್ಲೂ ಅದು ನಾಲ್ಕೈದು ಮಾರು ಅಗಲ, ಎದೆಮಟ್ಟ ನೀರು, ಒಳಗೆ ಸೆಳವು. ರಂಗನತಿಟ್ಟಿನ ಹಕ್ಕಿಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅಲ್ಲಿನ ತಿಟ್ಟುಗಳು ಉಂಟಾದದ್ದೇ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ. ಆ ಕಟ್ಟೆಯ ಹಿಂದೆ ಬೇಸಿಗೆಯಲ್ಲೂ ಒಂದಿಷ್ಟು ನೀರು ನಿಂತಿರುತ್ತದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅದನ್ನು ಕಂಡು ಪಕ್ಷಿಧಾಮವಾಗಬೇಕೆಂದು ಒತ್ತಾಯಿಸಿದ್ದರಿಂದ ಕಾವಲೂ ಬಂತು. ಸಂಗಮದ ಕೆಳಗಿನ ನಮ್ಮ ಬಂಡೆಗೆ ಕಟ್ಟೆಯೂ ಇಲ್ಲ, ಕಾವಲೂ ಇಲ್ಲ. ಮೇಲೆ ಕೃಷ್ಣರಾಜಸಾಗರದಿಂದ ಎಷ್ಟು ಬಿಟ್ಟರೆ ಅಷ್ಟು. ಬೇಸಿಗೆಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುತ್ತಾರೆ. ಆ ನೀರನ್ನು ನಂಬಿ ಬೆಳೆ ಇಟ್ಟವರ ಸಂಕಟ ನನಗೆ ಗೊತ್ತು, ನಮ್ಮ ಮನೆಯದೂ ಅದೇ ನಾಲೆಯ ಗದ್ದೆ. ಆದರೆ ಹೊಳೆಗೆ ಬಿಡುವ ನೀರು ಕಡಿಮೆಯಾದಾಗ ಮೊದಲು ಬತ್ತುವುದು ಇಂಥ ಪಕ್ಕದ ಕವಲುಗಳೇ.

ಏಪ್ರಿಲ್ ಎರಡನೇ ವಾರ ಬೆಳಿಗ್ಗೆ ಆರಕ್ಕೆ ಮೊದಲೇ ಫೋನ್ ಬಂತು. ಆ ದಡದಲ್ಲಿ ಮೀನು ಹಿಡಿಯುವ, ತೆಪ್ಪ ಹಾಕುವ ಯಜಮಾನರೊಬ್ಬರಿದ್ದಾರೆ. ಹೊಳೆ ಓದುವುದನ್ನು ನಾನು ಕಲಿತದ್ದು ಅವರಿಂದ.

“ಮೇಷ್ಟ್ರೇ, ರಾತ್ರಿ ಮೀನಕ್ಕಿ ನಿದ್ದೆ ಮಾಡಕ್ ಬುಡ್ನಿಲ್ಲ. ಬಡ್ಕೊಂಡು ಬಡ್ಕೊಂಡು ಸುತ್ತಾಕ್ತಿದ್ವು. ಎರಡ್ ಸಲ ಎದ್ದೋಗಿ ಬ್ಯಾಟ್ರಿ ಬುಟ್ಟು ನೋಡ್ದೆ, ಏನೂ ಕಾಣ್ನಿಲ್ಲ. ಏನೋ ಬಂದದೆ ಕಣ್ ಬನ್ನಿ.”

ಹೋದಾಗ ಹಕ್ಕಿಗಳೆಲ್ಲ ಆಕಾಶದಲ್ಲಿದ್ದವು. ಬೆಳಗಿನ ಹೊತ್ತು ಅರ್ಧದಷ್ಟಾದರೂ ಗೂಡಿನ ಮೇಲೆ ಕೂತಿರಬೇಕು. ಬಂಡೆಗೆ ಇಳಿಯಬೇಕೋ ಬೇಡವೋ ಎಂದು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದೆವು. ಮನುಷ್ಯ ಇಳಿದರೆ ಹಕ್ಕಿ ಇನ್ನಷ್ಟು ಹೊತ್ತು ಮೇಲೇ ಇರುತ್ತದೆ. ಬಿಸಿಲೇರುವ ಮೊದಲು, ಒಂದೇ ಸಲ, ಹತ್ತು ನಿಮಿಷ ಎಂದು ಗಟ್ಟಿಮಾಡಿಕೊಂಡು ಇಳಿದೆವು. ಏನನ್ನೂ ಮುಟ್ಟಲಿಲ್ಲ, ಒಂದು ಗರಿಯನ್ನೂ ಮನೆಗೆ ತರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾಗೆ ತರುವಂತಿಲ್ಲ. ಫೋಟೊ, ಅಳತೆ, ಟಿಪ್ಪಣಿ ಅಷ್ಟೇ.

ಹನ್ನೊಂದು ಗುಳಿಗಳಲ್ಲಿ ಆರರಲ್ಲಿ ಮೊಟ್ಟೆ ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಮೂರು ಗುಳಿ ಬರಿದಾಗಿದ್ದವು. ಅವು ಹಿಂದಿನ ವಾರ ಮರಿಯೊಡೆದವು. ಉಳಿದೆರಡರಲ್ಲಿ ಮೊಟ್ಟೆಯೂ ಇಲ್ಲ, ಸಿಪ್ಪೆಯೂ ಇಲ್ಲ. ಎರಡು ದೊಡ್ಡ ಹಕ್ಕಿಗಳ ಅವಶೇಷ ಸಿಕ್ಕಿತು, ಒಂದು ಮೇಲೆ ಹೇಳಿದ ರೆಕ್ಕೆ ಜೋಡಿ, ಇನ್ನೊಂದು ಬಂಡೆಯ ಬಿರುಕಿನಲ್ಲಿ ಬರೀ ಗರಿಯ ರಾಶಿ.

ಯಾರು ಎಂಬ ಪ್ರಶ್ನೆಗೆ ಊರಿನಲ್ಲಿ ಅಷ್ಟರೊಳಗೆ ನಾಲ್ಕು ಉತ್ತರ ಸಿದ್ಧವಾಗಿದ್ದವು. ಕಾಗೆ, ಹದ್ದು ಎಂದವರಿದ್ದರು. ಅವು ರಾತ್ರಿ ಬರುವುದಿಲ್ಲ, ಗಲಾಟೆಯಾದದ್ದು ರಾತ್ರಿ. ಸಿಪ್ಪೆಯಿಲ್ಲದ ಆ ಎರಡು ಗುಳಿಯ ಮೊಟ್ಟೆಗಳನ್ನು ಬೆಳಗಿನ ಜಾವ ಹಕ್ಕಿ ಮೇಲಿದ್ದಾಗ ಕಾಗೆ ಎತ್ತಿರಬಹುದು, ಆದರೆ ದೊಡ್ಡ ಹಕ್ಕಿಯನ್ನು ತಿಂದದ್ದು ಕಾಗೆಯಲ್ಲ. ಮುಂಗುಸಿಯೂ ಹಗಲಿನದೇ. ಅದು ಬಂದಿದ್ದರೆ ಆರು ಗೂಡಿನ ಮೊಟ್ಟೆ ಹಾಗೇ ಬಿಟ್ಟು ಹೋಗುತ್ತಿರಲಿಲ್ಲ. ನಾಯಿ ಎಂಬುದು ನನ್ನ ಮೊದಲ ಊಹೆಯಾಗಿತ್ತು, ಏಕೆಂದರೆ ಹಿಂದೆ ಎರಡು ಬೇಸಿಗೆ ಬೇರೆ ಬಂಡೆಗಳಲ್ಲಿ ನಾಯಿಯ ಕೆಲಸ ನೋಡಿದ್ದೆ. ನಾಯಿ ಬಂದ ಜಾಗ ಹೀಗಿರುವುದಿಲ್ಲ. ಅದು ತುಳಿಯುತ್ತದೆ, ಕಚ್ಚಿ ಝಾಡಿಸುತ್ತದೆ, ಅರ್ಧ ತಿಂದು ಬಿಟ್ಟು ಇನ್ನೊಂದರ ಹಿಂದೆ ಓಡುತ್ತದೆ. ಇಲ್ಲಿ ತಿಂದದ್ದು ಅಚ್ಚುಕಟ್ಟಾಗಿ, ಒಂದು ಮೂಲೆಯಲ್ಲಿ ಕೂತು, ಪೂರ್ತಿ ತಿಂದದ್ದು.

ಕೊಂಬುಗೂಬೆಯನ್ನು ತಳ್ಳಿಹಾಕುವುದು ಅಷ್ಟು ಸುಲಭವಿರಲಿಲ್ಲ. ಹೊಳೆದಂಡೆಯ ಬಂಡೆಗಳಲ್ಲಿ ಅದು ಇದೆ, ರಾತ್ರಿ ಬೇಟೆಯಾಡುತ್ತದೆ, ರೀವದ ಗಾತ್ರದ ಹಕ್ಕಿ ಅದಕ್ಕೆ ಸಲೀಸು ತುತ್ತು. ತೀರ್ಮಾನಕ್ಕೆ ಬಂದದ್ದು ಗರಿ ನೋಡಿ. ಗೂಬೆ, ಗಿಡುಗ, ಸೆಳೆವ ಮುಂತಾದ ಬೇಟೆಹಕ್ಕಿಗಳು ಗರಿಯನ್ನು ಕೊಕ್ಕಿನಿಂದ ಹಿಡಿದು ಕೀಳುತ್ತವೆ. ಬುಡದ ದಂಟು ಇಡಿಯಾಗಿ ಬರುತ್ತದೆ, ಹೆಚ್ಚೆಂದರೆ ಕೊಕ್ಕು ಒತ್ತಿದ ಒಂದು ಕಚ್ಚು ಅದರ ಮೇಲೆ ಇರುತ್ತದೆ. ಬೆಕ್ಕಿನ ಜಾತಿ ಹಾಗಲ್ಲ. ಬಾಯಿ ಓರೆ ಮಾಡಿ ದವಡೆಹಲ್ಲಿನಿಂದ ಕತ್ತರಿಸುತ್ತದೆ. ಗರಿಗಳ ದಂಟು ಬುಡದ ಸ್ವಲ್ಪ ಮೇಲೆ, ಕುಡುಗೋಲಿನಿಂದ ಹುಲ್ಲು ಕೊಯ್ದಂತೆ, ಗೊಂಚಲು ಗೊಂಚಲಾಗಿ ತುಂಡಾಗಿರುತ್ತದೆ. ಜೊಲ್ಲು ತಾಗಿ ಒಂದಕ್ಕೊಂದು ಅಂಟಿರುತ್ತವೆ. ಬಿರುಕಿನಲ್ಲಿ ಸಿಕ್ಕ ರಾಶಿಯಲ್ಲಿ ಇಡಿಯಾದ ದಂಟು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕೊಯ್ದದ್ದು.

ಬೆಕ್ಕು ಸರಿ. ಆದರೆ ಯಾವ ಬೆಕ್ಕು? ನಮ್ಮ ಕಡೆ ಪುನುಗನ್ನೂ ಕಾಡುಬೆಕ್ಕು ಎಂದೇ ಕರೆಯುವುದುಂಟು, ಆದ್ದರಿಂದ “ಕಾಡ್ಬೆಕ್ಕು ಓಡಾಡ್ತದೆ” ಎಂಬ ಮಾತು ಸಾಕ್ಷಿಯಾಗುವುದಿಲ್ಲ. ಕವಲಿನ ಆಚೆ ದಡದಲ್ಲಿ ಒಣಗುತ್ತಿದ್ದ ರೇವೆಮಣ್ಣು ನಮಗೆ ಬೇಕಾದ್ದನ್ನು ಬರೆದಿಟ್ಟಿತ್ತು. ಪುನುಗಿಗಾದರೆ ಐದು ಬೆರಳು ಮೂಡಬೇಕು. ನೀರುನಾಯಿಗೂ ಐದು, ಮೇಲಾಗಿ ಬೆರಳುಗಳ ನಡುವೆ ಜಾಲದ ಗುರುತು. ನಾಯಿಗೆ ನಾಲ್ಕೇ ಬೆರಳಾದರೂ ಉಗುರು ಒತ್ತಿರುತ್ತದೆ, ಹೆಜ್ಜೆ ಉದ್ದಕ್ಕಿರುತ್ತದೆ. ಇಲ್ಲಿದ್ದದ್ದು ದುಂಡನೆಯ ಹೆಜ್ಜೆ, ನಾಲ್ಕು ಬೆರಳು, ಉಗುರಿಲ್ಲ, ಅಂಗಾಲಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು. ಬೆಕ್ಕಿನ ಕುಲವೆಂಬುದಕ್ಕೆ ಬೇರೆ ರುಜುವಾತು ಬೇಡ. ಅಗಲ ಅಳೆದಾಗ ನಾಲ್ಕೂವರೆ ಸೆಂಟಿಮೀಟರ್. ನಮ್ಮ ಮನೆಬೆಕ್ಕಿನದು ಮೂರರ ಆಸುಪಾಸು. ಮಂಡ್ಯ, ಮೈಸೂರಿನ ಕುರುಚಲು ಗುಡ್ಡಗಳಲ್ಲಿ ತುಕ್ಕುಚುಕ್ಕಿ ಬೆಕ್ಕು ಇದೆ, ಆದರೆ ಅದು ಜಗತ್ತಿನ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದು, ಮನೆಬೆಕ್ಕಿಗಿಂತ ಪುಟ್ಟದು. ಚಿರತೆಬೆಕ್ಕು ಕೊಡಗಿನ ಕಡೆಯ ಕಾಡು, ಕಾಫಿ ತೋಟಗಳದು. ಒಬ್ಬ ಹುಡುಗ ಮೊಬೈಲಿನಲ್ಲಿ ಮೀನುಬೆಕ್ಕಿನ ಚಿತ್ರ ತೋರಿಸಿ “ಇದೇ ಇರ್ಬೇಕು ಸಾರ್, ಹೊಳೆ ಹತ್ರ ಅಲ್ವಾ” ಎಂದ. ಅವನ ಕುತೂಹಲ ನನಗೆ ಸಂತೋಷ ಕೊಟ್ಟಿತು. ಆದರೆ ಮೀನುಬೆಕ್ಕು ಇರುವುದು ಹಿಮಾಲಯದ ತಪ್ಪಲಿನ ಜೌಗು, ಸುಂದರಬನ, ಕೃಷ್ಣಾ ಗೋದಾವರಿ ಮುಖಜ ಭೂಮಿಯಂಥ ಕಡೆ. ನಮ್ಮ ಹೊಳೆಯದಲ್ಲ. ಉಳಿದದ್ದು ಒಂದೇ, ನಿಜವಾದ ಕಾಡುಬೆಕ್ಕು.

ಹೆಜ್ಜೆ ನೋಡಿ ಹೇಳುವುದು ಬೇರೆ, ಕಣ್ಣಿನಿಂದ ನೋಡುವುದು ಬೇರೆ. ಮೂರನೇ ದಿನ ಬೆಳಿಗ್ಗೆ ಐದೂಕಾಲಕ್ಕೆ ಯಜಮಾನರೂ ನಾನೂ ದಡದ ಹೊಂಗೆ ಮರದ ಬುಡದಲ್ಲಿ ಕೂತಿದ್ದೆವು. ಬೆಳಕು ಹಾಲು ಬೆರೆಸಿದ ನೀರಿನಂತಿತ್ತು. ಮೊದಲು ಕಂಡದ್ದು ಹಕ್ಕಿಗಳೇ. ಬಂಡೆಯಿಂದ ಒಂದು ಎದ್ದಿತು, ಹಿಂದೆಯೇ ಎಲ್ಲವೂ ಎದ್ದು ಜೊಂಡಿನ ಒಂದು ಜಾಗದ ಮೇಲೆ ಬಗ್ಗಿ ಬಗ್ಗಿ ಎರಗತೊಡಗಿದವು. ಆ ಜಾಗದಿಂದ ಅದು ಹೊರಬಂತು. ಉದ್ದ ಕಾಲು, ಗೆರೆಯಿಲ್ಲದ ಮಾಸಲು ಮರಳು ಬಣ್ಣದ ಮೈ, ಮೊಂಡು ಎನ್ನಿಸುವಷ್ಟು ಗಿಡ್ಡ ಬಾಲ, ಬಾಲದ ತುದಿಗೆ ಕಪ್ಪು ಉಂಗುರ, ಕಿವಿಯ ತುದಿಯಲ್ಲಿ ನಾಲ್ಕು ಕಪ್ಪು ಕೂದಲು. ತಲೆಯ ಮೇಲೆ ಹಕ್ಕಿ ಬಡಿಯುತ್ತಿದ್ದರೂ ಕಿವಿ ಹಿಂದಕ್ಕೆ ಮಡಿಸಿದ್ದಷ್ಟೇ, ನಡಿಗೆ ತಪ್ಪಲಿಲ್ಲ. ಕವಲಿನ ಅಂಚಿಗೆ ಬಂದು ಒಂದು ಕಲ್ಲಿನ ಮೇಲೆ ಕಾಲಿಟ್ಟಿತು, ಆಮೇಲೆ ಇನ್ನೊಂದು ಕಲ್ಲು, ಮತ್ತೊಂದು. ಪಾದವೂ ನೆನೆಯಲಿಲ್ಲ. ಹೊಟ್ಟೆಯ ಕೆಳಗೆ ಮೊಲೆ ಜೋತದ್ದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡಿತು. ಎಲ್ಲೋ ಮರಿಗಳಿದ್ದವು.

ಯಜಮಾನರು ಪಿಸುಮಾತಿನಲ್ಲಿ, “ನೀರೇ ಇಲ್ವಲ್ಲ ಮೇಷ್ಟ್ರೇ. ಬೆಕ್ಕೇನು, ಕೋಳಿನೂ ದಾಟ್ತದೆ” ಎಂದರು.

ನಾನು ಈ ಪ್ರಕರಣವನ್ನು ಬರೆಯಲು ಕೂತದ್ದು ಆ ಮಾತಿಗಾಗಿ. ಅಲ್ಲಿಯವರೆಗೆ ನಾವು ಹುಡುಕುತ್ತಿದ್ದದ್ದು ಕೊಲೆಗಾರನನ್ನು. ಅಂದಿನಿಂದ ಹುಡುಕಿದ್ದು ದಾರಿಯನ್ನು.

ಕಾಡುಬೆಕ್ಕು ಹೊಳೆಗೆ ಹೊಸದಲ್ಲ. ಹೆಸರಿನಲ್ಲಿ ಕಾಡು ಇದ್ದರೂ ದಟ್ಟ ಕಾಡು ಅದಕ್ಕೆ ಒಗ್ಗುವುದಿಲ್ಲ. 1776ರಲ್ಲಿ ಗುಲ್ಡೆನ್‌ಸ್ಟೆಟ್ ಎಂಬ ನಿಸರ್ಗ ವಿಜ್ಞಾನಿ ಮೊದಲು ವಿವರಿಸಿದ್ದು ಕಾಕಸಸ್ ಕಡೆಯ ತೆರೆಕ್ ನದಿಯ ಬಳಿ ಸಿಕ್ಕ ಬೆಕ್ಕನ್ನು. ನೈಲ್ ನದಿಯ ಬಯಲಿನಿಂದ ನಮ್ಮವರೆಗೆ ಅದರ ಮನೆ ಜೊಂಡು, ಆಳೆತ್ತರದ ಹುಲ್ಲು, ಕೆರೆಯಂಚು. ಈಜಲೂ ಬಲ್ಲದು. ಮಂಡ್ಯದಲ್ಲಿ ಜೊಂಡಿನ ಜಾಗಕ್ಕೆ ಕಬ್ಬು ಬಂದಿದೆ, ಬೆಕ್ಕು ಅಲ್ಲೂ ಸಂಸಾರ ಹೂಡಿದೆ. ಕಬ್ಬಿನೊಳಗೆ ನೆರಳು, ತೇವ, ಮರೆ, ಎಲ್ಲಕ್ಕಿಂತ ಹೆಚ್ಚಾಗಿ ಇಲಿ. ಅದರ ಮುಖ್ಯ ಆಹಾರ ಇಲಿಯೇ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನವೊಂದು ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ಹಿಡಿಯುತ್ತದೆಂದು ಅಂದಾಜು ಮಾಡಿದೆ. ಇಲಿಗೆ ಭತ್ತ, ಕಬ್ಬು ಕಳೆದುಕೊಳ್ಳುವ ನಮ್ಮ ರೈತರು ಆ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಗುಣಿಸಿ ನೋಡಬೇಕು. ಹಕ್ಕಿ ಎಂಬುದು ಅದರ ಎರಡನೇ ಸಾಲಿನ ಊಟ. ಕೌಜುಗ, ಹುಂಡುಕೋಳಿ, ಗದ್ದೆಯ ಬೆಳ್ಳಕ್ಕಿ, ಕೈಗೆ ಸಿಕ್ಕಿದ್ದು.

ಹಾಗಾದರೆ ಆ ವರ್ಷವೇ ಏಕೆ ಬಂಡೆಗೆ ಬಂತು? ಮೂರು ಸಂಗತಿಗಳು ಒಂದೇ ತಿಂಗಳಲ್ಲಿ ಕೂಡಿಕೊಂಡವು. ದಡದ ಪಕ್ಕದ ಮೂರು ಎಕರೆ ಕಬ್ಬು ಮಾರ್ಚ್ ಕೊನೆಗೆ ಕಟಾವಾಗಿ, ತರಗಿಗೆ ಬೆಂಕಿ ಇಟ್ಟರು. ಕಟಾವಿನ ದಿನ ಕೆಲಸಗಾರರಿಗೆ ಒಳಗೆ ಎರಡು ಮರಿ ಸಿಕ್ಕಿದ್ದವಂತೆ. ಮೈಮೇಲೆ ಮಸುಕು ಪಟ್ಟೆ ಇದ್ದುದರಿಂದ ಚಿರತೆ ಮರಿಯೆಂದು ಗುಲ್ಲಾಗಿತ್ತು. ಕಾಡುಬೆಕ್ಕಿನ ಮರಿಗೆ ಹುಟ್ಟುವಾಗ ಹಾಗೆ ಗೆರೆ, ಚುಕ್ಕಿ ಇರುತ್ತವೆ, ದೊಡ್ಡದಾಗುತ್ತ ಅಳಿಸಿಹೋಗುತ್ತವೆ. ಗದ್ದೆಯವರು ಒಳ್ಳೆಯ ಕೆಲಸ ಮಾಡಿದ್ದರು. ಮುಟ್ಟದೆ ಒಂದು ಸಾಲು ಕಬ್ಬು ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಬೆಳಗಾಗುವುದರೊಳಗೆ ತಾಯಿ ಎತ್ತಿಕೊಂಡು ಹೋಗಿತ್ತು. ಹೋಗಿ ಸೇರಿದ್ದು ಹೊಳೆಯಂಚಿನ ಜೊಂಡಿಗೆ. ಎರಡನೆಯದು ನೀರು. ಎದೆಮಟ್ಟದ ಕವಲು ಮೊಣಕಾಲಿಗೆ ಇಳಿದಿತ್ತು, ಸೆಳವು ನಿಂತಿತ್ತು. ಮೂರನೆಯದು ಆ ಕಲ್ಲುಗಳು. ಯುಗಾದಿ ಕಳೆದ ಮೇಲೆ ಭಾನುವಾರಗಳಂದು ಸ್ನಾನಕ್ಕೆ, ಅಡುಗೆ ಮಾಡಿ ಉಣ್ಣುವುದಕ್ಕೆ ಜನ ಬರುತ್ತಾರೆ. ಬಂಡೆಯ ತನಕ ದಾಟಲು ಅನುಕೂಲವಾಗಲೆಂದು ಯಾರೋ ಹೆಜ್ಜೆಗೊಂದರಂತೆ ದಾಟುಗಲ್ಲು ಇಟ್ಟಿದ್ದರು. ಇಟ್ಟವರು ಹಕ್ಕಿಗೆ ಕೇಡು ಬಯಸಿದವರಲ್ಲ, ಮಕ್ಕಳ ಕಾಲು ಜಾರದಿರಲಿ ಎಂದು ಇಟ್ಟದ್ದು. ಮೊಣಕಾಲುದ್ದ ನೀರನ್ನು ಬೆಕ್ಕು ಈಜಿ ದಾಟಬಲ್ಲುದು, ಆದರೆ ಒದ್ದೆಯಾಗದೆ ಇಲಿ ಸಿಗುವಾಗ ಆ ಕಷ್ಟಕ್ಕೆ ಹೋಗಬೇಕಾಗಿರಲಿಲ್ಲ. ಕಲ್ಲು ಬಂದ ಮೇಲೆ ಕಷ್ಟವೇ ಉಳಿಯಲಿಲ್ಲ.

ಬೆಕ್ಕು ತಿಂದದ್ದಕ್ಕಿಂತ ಹೆಚ್ಚು ಹಾಳಾದದ್ದು ಬೆಕ್ಕಿನ ಭಯದಿಂದ. ಇದು ರೀವಗಳ ಕುಲಕ್ಕೇ ಇರುವ ದೌರ್ಬಲ್ಯ. ರಾತ್ರಿ ಬೇಟೆಗಾರ ಬಂದನೆಂದರೆ ಇಡೀ ಗುಂಪು ಗೂಡು ಬಿಟ್ಟು ಮೇಲೇಳುತ್ತದೆ, ಗಂಟೆಗಟ್ಟಲೆ ಇಳಿಯುವುದಿಲ್ಲ. ನಾಲ್ಕು ರಾತ್ರಿ ಹಾಗಾಯಿತು. ಹಗಲಲ್ಲೂ ಎದ್ದೂ ಬಿದ್ದೂ ಕೂರತೊಡಗಿದವು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕರಿಬಂಡೆಯ ಮೇಲೆ ತಾಯಿಯಿಲ್ಲದ ಮೊಟ್ಟೆ ಎಷ್ಟು ಹೊತ್ತು ಬದುಕೀತು? ಇಡಿಯಾಗಿ ಉಳಿದಿದ್ದ ಆ ಆರು ಗೂಡುಗಳಲ್ಲಿ ಒಂದೂ ಮರಿಯಾಗಲಿಲ್ಲ. ಆರನೇ ದಿನ ಬಂಡೆ ಪೂರ್ತಿ ಖಾಲಿ. ಆ ಸಂಜೆ ಮನೆಗೆ ಬಂದು ಯಾರೊಡನೆಯೂ ಮಾತಾಡಲು ಮನಸ್ಸಾಗಲಿಲ್ಲ.

ಊರಿನಲ್ಲಿ ಚರ್ಚೆಯಾಯಿತು. ಬೋನಿಟ್ಟು ಬೆಕ್ಕು ಹಿಡಿದು ದೂರ ಬಿಡೋಣ ಎಂದರು ಕೆಲವರು. ಅದು ಕಾನೂನಿಗೆ ವಿರುದ್ಧ. ಮರಿಯಿರುವ ತಾಯನ್ನು ಹಿಡಿದರೆ ಮರಿಗಳೂ ಸಾಯುತ್ತವೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ. ಬಂಡೆಯ ಸುತ್ತ ಮುಳ್ಳು ಹಾಕೋಣ ಎಂಬ ಸಲಹೆ ಬಂತು. ರೀವದ ಮರಿ ಹುಟ್ಟಿದ ಕೆಲವೇ ದಿನಕ್ಕೆ ನಡೆದಾಡಿ ಕಲ್ಲುಸಂದಿಗೆ, ನೀರಂಚಿಗೆ ಹೋಗುತ್ತದೆ, ಅದಕ್ಕೇ ಮುಳ್ಳು ಸಿಕ್ಕೀತು. ರಾತ್ರಿ ದೀಪ ಹಚ್ಚಿ ಕಾವಲು ಕೂತರೆ ಹಕ್ಕಿಯೇ ಇಳಿಯದು. ಹೊಳೆಗೆ ಸ್ವಲ್ಪ ಹೆಚ್ಚು ನೀರು ಬಿಡಿ ಎಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ. ಒಂದು ಬಂಡೆಯ ಹಕ್ಕಿಗಾಗಿ ನೀರು ಬಿಡಲಾಗದು ಎಂಬ ಉತ್ತರ ಬಾಯಿಮಾತಿನಲ್ಲಿ ಬಂತು. ಕುಡಿಯುವ ನೀರಿಗೇ ತತ್ವಾರವಾದ ತಿಂಗಳಿನಲ್ಲಿ ಆ ಉತ್ತರ ನನಗೆ ಅನ್ಯಾಯವೆನಿಸಲಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆಯೊಳಗೇ ಉಳಿಯಬೇಕಾದ ನೀರು ಎಷ್ಟು ಎಂದು ಲೆಕ್ಕ ಹಾಕುವಾಗ ಪಕ್ಕದ ಕವಲುಗಳನ್ನೂ ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕೈಯಲ್ಲಿ ಇದ್ದದ್ದು ಕಲ್ಲು. ಬಂಡೆ ಖಾಲಿಯಾಗಿದ್ದುದರಿಂದ ಹಕ್ಕಿಗೆ ತೊಂದರೆಯಾಗುವ ಭಯವಿರಲಿಲ್ಲ. ಒಂದು ಸಂಜೆ ಯಜಮಾನರು, ಅವರ ಇಬ್ಬರು ಅಳಿಯಂದಿರು, ನಮ್ಮ ಶಾಲೆಯಲ್ಲಿ ಓದಿ ಈಗ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಇಬ್ಬರು ಹುಡುಗರು, ನಾನು ಇಳಿದೆವು. ದಾಟುಗಲ್ಲುಗಳನ್ನೆಲ್ಲ ಎತ್ತಿ ದಡಕ್ಕೆ ಹಾಕಿದೆವು. ಕವಲಿನ ಬಾಯಿಯಲ್ಲಿ ಪ್ಲಾಸ್ಟಿಕ್ಕು, ಹಳೆಬಟ್ಟೆ, ಜೊಂಡಿನ ಬೇರು, ಪೂಜೆಗೆ ಬಿಟ್ಟ ಬಾಳೆಕಂದು ಸೇರಿ ಒಡ್ಡಿನಂತಾಗಿತ್ತು. ಅದನ್ನು ಬಿಡಿಸಿದ್ದೇ ನಿಂತ ನೀರು ಮೆಲ್ಲಗೆ ಸರಿಯತೊಡಗಿತು. ಎರಡು ಸಂಜೆಯ ಕೆಲಸ. ನೀರು ಮೊಣಕಾಲಿನಿಂದ ತೊಡೆಗೆ ಬಂತು, ಸಣ್ಣ ಸೆಳವೂ ಬಂತು. ಮುಖ್ಯ ಹೊಳೆಯಿಂದ ಬರುವ ನೀರು ಮೊದಲೂ ಇತ್ತು, ಬಾಯಿ ಕಟ್ಟಿದ್ದರಿಂದ ಬೇರೆ ಕಡೆ ಹೋಗುತ್ತಿತ್ತು. ಇದು ಮುಂಚೆಯೇ ಹೊಳೆದಿದ್ದರೆ ಎಂಬ ನೋವು ಇವತ್ತಿಗೂ ಇದೆ. ಭಾನುವಾರ ಬಂದವರಿಗೆ ವಿಷಯ ಹೇಳಿದಾಗ ಜಗಳವೇನೂ ಆಗಲಿಲ್ಲ. ಒಬ್ಬ ತಾಯಿ ದುರ್ಬೀನು ಇಸಿದುಕೊಂಡು ಮಕ್ಕಳಿಗೆಲ್ಲ ಒಬ್ಬೊಬ್ಬರಿಗೇ ಬಂಡೆ ತೋರಿಸಿದರು.

ಮೇ ಮೊದಲ ವಾರ ನಾಲ್ಕು ಜೋಡಿ ಮರಳಿ ಬಂದವು. ಮೊದಲ ಮೊಟ್ಟೆ ಹಾಳಾದರೆ ರೀವ ಮತ್ತೆ ಇಡುತ್ತದೆ. ಈ ಸಲ ಬಂಡೆಯ ದಡದ ಕಡೆಯ ಮುಖ ಬಿಟ್ಟು ನಡುಹೊಳೆಯ ಕಡೆಯ ತಗ್ಗಿನಲ್ಲಿ ಕೂತವು. ಬೆಕ್ಕು ಜೊಂಡಿನಲ್ಲಿ ಇತ್ತು. ರೇವೆಯಲ್ಲಿ ಹೊಸ ಹೆಜ್ಜೆ ಕಾಣುತ್ತಿದ್ದವು, ನೀರಂಚಿಗೆ ಬಂದು ತಿರುಗಿ ಹೋದ ಹೆಜ್ಜೆ. ಒಮ್ಮೆ ಮಾತ್ರ ರಾತ್ರಿ ಹಕ್ಕಿ ಎದ್ದು ಕೂಗಿದವು ಎಂದು ಯಜಮಾನರು ಹೇಳಿದರು. ಬೆಳಿಗ್ಗೆ ದಡದಿಂದ ಎಣಿಸಿದಾಗ ನಾಲ್ಕೂ ಗೂಡಿನ ಮೇಲೆ ಹಕ್ಕಿ ಕೂತಿತ್ತು.

ಆಮೇಲೆ ಬಂದದ್ದು ಮಳೆ. ಮೇ ಕೊನೆಯಲ್ಲಿ ಎರಡು ರಾತ್ರಿ ಜೋರಾಗಿ ಹೊಯ್ದು ಹೊಳೆ ಒಂದು ಅಡಿಗೂ ಮಿಕ್ಕಿ ಏರಿತು. ತಗ್ಗಿನಲ್ಲಿ ಕೂತಿದ್ದ ನಾಲ್ಕರಲ್ಲಿ ಎರಡು ಗೂಡು ಕೊಚ್ಚಿಹೋದವು. ಬೆಕ್ಕಿಗೆ ಹೆದರಿ ಅವು ತಗ್ಗಿಗೆ ಹೋಗದೆ ಎತ್ತರದಲ್ಲೇ ಇದ್ದಿದ್ದರೆ ನೀರು ಮುಟ್ಟುತ್ತಿರಲಿಲ್ಲ. ಹೀಗೆ ಏಪ್ರಿಲ್‌ನ ಬೆಕ್ಕು ಮೇ ತಿಂಗಳಲ್ಲೂ ಎರಡು ಗೂಡು ತೆಗೆದುಕೊಂಡಿತು ಎಂದೇ ನಾನು ಲೆಕ್ಕ ಬರೆದಿದ್ದೇನೆ. ಉಳಿದೆರಡರಿಂದ ಮೂರು ಮರಿ ಜೂನ್ ಮಧ್ಯಕ್ಕೆ ರೆಕ್ಕೆ ಬಲಿತು ಬಂಡೆಯಿಂದ ಹಾರಿದವು. ಅವುಗಳ ಬಾಲದ ಕವಲು ಇನ್ನೂ ಗಿಡ್ಡ, ಬೆನ್ನಿನ ಮೇಲೆ ಕಂದು ಬಣ್ಣದ ಅಲೆ ಅಲೆ. ತಂದೆ ತಾಯಿ ಮೀನು ಕಚ್ಚಿಕೊಂಡು ಬಂದಾಗ ಗಾಳಿಯಲ್ಲೇ ಕೂಗುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದವು.

ಬೆಕ್ಕನ್ನು ಕೊನೆಗೆ ನೋಡಿದ್ದು ಜೂನ್ ಇಪ್ಪತ್ತರ ಸುಮಾರಿಗೆ, ಹೊಸ ಕಬ್ಬು ಮಂಡಿಯೆತ್ತರ ಬಂದಿದ್ದ ಗದ್ದೆಯ ಬದುವಿನ ಮೇಲೆ. ಬಾಯಲ್ಲಿ ದಪ್ಪ ಹೆಗ್ಗಣ. ಹಿಂದೆ ಅರ್ಧ ಬೆಳೆದ ಒಂದೇ ಮರಿ, ಕಾಲಿನ ಮೇಲೆ ಪಟ್ಟೆ ಇನ್ನೂ ಮಾಸಿರಲಿಲ್ಲ.

ಈ ಮಾರ್ಚ್‌ಗೆ ಕವಲಿನ ಮಧ್ಯೆ ಅಡಿ ಗುರುತು ಹಾಕಿದ ಬಿದಿರು ಗಳ ನೆಟ್ಟಿದ್ದೇವೆ. ನೀರು ಎರಡು ಅಡಿಯ ಗೆರೆಗೆ ಇಳಿದ ದಿನ ಯಜಮಾನರು ಫೋನ್ ಮಾಡುತ್ತಾರೆ, ಹುಡುಗರು ಕವಲಿನ ಬಾಯಿ ಬಿಡಿಸಲು ಬರುತ್ತಾರೆ, ಹಕ್ಕಿ ಮೊಟ್ಟೆಯಿಡುವ ಮೊದಲೇ. ನಿನ್ನೆ ಸಂಜೆಯ ಅಳತೆ ಎರಡೂಮುಕ್ಕಾಲು ಅಡಿ. ಬಂಡೆಯ ಮೇಲೆ ಆರು ಹಕ್ಕಿ.